ಮೂರನೇ ಯೂನಿಟ್ಟಿನ ಹುಟ್ಟುಗುಣ

ನಡುಕಣ್ಣ ಹೋದ ಬುಧವಾರ ತೀರಿಕೊಂಡ. ವಿದ್ಯುತ್ ಸ್ಥಾವರದಿಂದ ಮನೆಗೆ ಬರುವ ದಾರಿಯಲ್ಲಿ, ಭಾವಮೈದನ ಕಾರಿನ ಮುಂದಿನ ಸೀಟಿನಲ್ಲಿ. ನಿದ್ದೆ ಹತ್ತಿದೆ ಎಂದುಕೊಂಡ ಭಾವಮೈದ ರಸ್ತೆಯ ಉಬ್ಬುಗಳ ಮೇಲೆ ಗಾಡಿಯನ್ನು ಮೆಲ್ಲಗೆ ಹತ್ತಿಸಿ, ಮೆಲ್ಲಗೆ ಇಳಿಸಿ, ಹಾರ್ನ್ ಕೂಡ ಹೊಡೆಯದೆ ಬಾಗಿಲಿಗೆ ತಂದು ನಿಲ್ಲಿಸಿದ. ಎಬ್ಬಿಸಲು ಹೋದಾಗ ಗೊತ್ತಾಯಿತು.

ಸಂತಾಪ ಸಭೆಯಲ್ಲಿ ಮಾತಾಡಿದವರೆಲ್ಲ ಅವನನ್ನು ಯಂತ್ರಗಳ ವೈದ್ಯ ಎಂದರು. ಸುಮ್ಮನೆ ಕಿವಿಗೊಟ್ಟರೆ ಸಾಕು, ಕಾಯಿಲೆ ಹೇಳಿಬಿಡುತ್ತಿದ್ದ ಎಂದರು. ಪಕ್ಕದ ಕುರ್ಚಿಯಲ್ಲಿ ಅವನಿದ್ದಿದ್ದರೆ ಹಲ್ಲು ಕಡಿಯುತ್ತಿದ್ದ. ಕಿವಿಯನ್ನು ಅವನಷ್ಟು ಅನುಮಾನಿಸಿದವರು ನಮ್ಮಲ್ಲಿ ಬೇರೆ ಇರಲಿಲ್ಲ. "ಕಿವಿಗೆ ತನಗೆ ಬೇಕಾದ್ದನ್ನ ಕೇಳಿಸ್ಕೊಳ್ಳೋ ಚಾಳಿ ಇದೆ" ಎನ್ನುತ್ತಿದ್ದ. ಸಭೆಯಲ್ಲಿ ಎದ್ದು ಇದನ್ನು ಹೇಳಲು ನನ್ನಿಂದ ಆಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಅದೇ ಸ್ಥಾವರದ ನೀರಿನ ಪ್ರಯೋಗಾಲಯದವನು. ಬಾಯ್ಲರಿಗೆ ಹೋಗುವ ನೀರನ್ನು ಪರೀಕ್ಷಿಸುವುದು ನನ್ನ ಕೆಲಸ; ಆ ನೀರು ಉಗಿಯಾಗಿ ಹೋಗಿ ತಿರುಗಿಸುವ ಟರ್ಬೈನು ಎಷ್ಟು ನಡುಗುತ್ತಿದೆ ಎಂದು ನೋಡುವುದು ಅವನ ಕೆಲಸ. ನಡುಕ ಅಳೆಯುವವನಾದ್ದರಿಂದ ನಡುಕಣ್ಣ. ಹೆಸರು ಕೇಳಿ ಬಂದ ಹೊಸಬರು ಯಾರೋ ಪುಕ್ಕಲನನ್ನು ಹುಡುಕುತ್ತಿದ್ದರು. ಇವನೋ ಆಳೆತ್ತರದ, ಅಗಲ ಬೆನ್ನಿನ, ನಿಧಾನ ನಡಿಗೆಯ ಮನುಷ್ಯ. ಟೈಲರ್ ಅಂಗಡಿ ನಡೆಸುವ ಹೆಂಡತಿಗೆ ಕಣ್ಣು ಮಂಜಾದ ಮೇಲೆ ಸೂಜಿಗೆ ದಾರ ಪೋಣಿಸಿಕೊಡುತ್ತಿದ್ದವನು ಅವನೇ, ಅದೂ ಒಂದೇ ಸಲಕ್ಕೆ.

ತಿರುಗುವ ವಸ್ತು ಎದುರಿಗಿದ್ದರೆ ಅವನಿಗೆ ಮಾತು ಕಿವಿಗೆ ಬೀಳುತ್ತಿರಲಿಲ್ಲ. ನಮ್ಮ ಮನೆಗೆ ಊಟಕ್ಕೆ ಕರೆದರೆ ಮೊದಲು ಸೀಲಿಂಗ್ ಫ್ಯಾನ್ ನೋಡುತ್ತಿದ್ದ. ಒಮ್ಮೆ ಟಕ್ ಟಕ್ ಎನ್ನುತ್ತಿದ್ದ ನಮ್ಮ ಫ್ಯಾನಿನ ರೆಕ್ಕೆಗೆ ಸಣ್ಣದೊಂದು ವಾಷರ್ ಅಂಟಿಸಿ, ಸ್ಕ್ರೂ ಬಿಗಿಮಾಡಿ, ಗಾಳಿ ಬಿಟ್ಟರೆ ಬೇರೇನೂ ಕೇಳದ ಹಾಗೆ ಮಾಡಿ ಹೋದ. ಮರುದಿನ ಅಮ್ಮ ಅವನನ್ನು ದಾರಿಯಲ್ಲೇ ನಿಲ್ಲಿಸಿ ಬೈದರು. ಆ ಟಕ್ ಟಕ್ ಇಲ್ಲದೆ ಅವರಿಗೆ ನಿದ್ದೆಯೇ ಬಂದಿರಲಿಲ್ಲ. ಅವನು ವಾದ ಮಾಡಲಿಲ್ಲ. ಬಂದು ಸ್ಟೂಲ್ ಹತ್ತಿ, ವಾಷರ್ ಕಿತ್ತು, ಸ್ಕ್ರೂ ಸಡಿಲ ಮಾಡಿ, "ಇಷ್ಟು ಸಾಕಾ ಅಮ್ಮ, ಇನ್ನೂ ಸ್ವಲ್ಪ ಬೇಕಾ?" ಎಂದು ಕೇಳಿ ಇಳಿದ. ಅವನ ಮಗಳು, ಈಗ ದೂರದ ಶಾಲೆಯೊಂದರಲ್ಲಿ ಟೀಚರ್, ಹೇಳುತ್ತಿದ್ದಳು: ನಮ್ಮಪ್ಪ ಮಗು ಅತ್ತರೂ ಎತ್ತಿಕೊಳ್ಳುವ ಮೊದಲು ಸೆಕೆಂಡಿಗೆ ಎಷ್ಟು ಸಲ ಅಳುತ್ತಿದೆ ಅಂತ ನೋಡ್ತಾರೆ.

ಅವನ ಕೆಲಸವನ್ನು ಸ್ವಲ್ಪ ಹೇಳಲೇಬೇಕು. ಟರ್ಬೈನು ಮತ್ತು ಜನರೇಟರು ಒಂದರ ಹಿಂದೊಂದು ಕೂತಿರುತ್ತವೆ; ಇಂಥ ಒಂದು ಜೋಡಿಯೇ ಒಂದು ಯೂನಿಟ್ಟು. ಎರಡರ ಶಾಫ್ಟುಗಳನ್ನೂ, ಅಂದರೆ ತಿರುಗುವ ಅಚ್ಚುಗಳನ್ನು, ಕಪ್ಲಿಂಗ್ ಎಂಬ ಜೋಡಣೆ ಕೂಡಿಸುತ್ತದೆ. ಶಾಫ್ಟು ಬೇರಿಂಗುಗಳ ಒಳಗೆ ಎಣ್ಣೆಯ ತೆಳುವಾದ ಪದರದ ಮೇಲೆ ತೇಲುತ್ತಾ ತಿರುಗುತ್ತದೆ. ತಿರುಗುವುದೆಲ್ಲ ಒಂದಿಷ್ಟು ನಡುಗುತ್ತದೆ. ನಡುಗದೆ ತಿರುಗುವುದನ್ನು ಇನ್ನೂ ಯಾರೂ ಮಾಡಿಲ್ಲ. ಎಷ್ಟು ನಡುಗಿದರೆ ಸಹಜ, ಎಷ್ಟಾದರೆ ರೋಗ ಎಂಬುದೇ ಪ್ರಶ್ನೆ. ಮೊದಲೆಲ್ಲ ಅವನು ಕೈಯಲ್ಲಿ ಹಿಡಿಯುವ ಮೀಟರನ್ನು ಬೇರಿಂಗಿನಿಂದ ಬೇರಿಂಗಿಗೆ ಹೊತ್ತು ತಿರುಗುತ್ತಿದ್ದ. ಆಮೇಲೆ ವರ್ಷಗಟ್ಟಲೆ ಮೇಲಿನವರ ಬೆನ್ನು ಹತ್ತಿ, ಪ್ರತಿ ಬೇರಿಂಗಿಗೂ ಸೆನ್ಸರ್ ಕೂರಿಸಿ ಹಗಲಿರುಳೂ ನಡುಕವನ್ನು ಕಂಟ್ರೋಲ್ ರೂಮಿನ ಪರದೆಗೆ ಕಳಿಸುವ ವ್ಯವಸ್ಥೆಯನ್ನು ತರಿಸಿದ. ಎಲ್ಲ ಸರಿಯಿದ್ದರೆ ಹಸಿರು, ಹದ ತಪ್ಪಿದರೆ ಹಳದಿ, ಕೈಮೀರಿದರೆ ಕೆಂಪು.

ಬಂದ ಹೊಸತರಲ್ಲಿ ಆ ಪರದೆಯ ಮುಂದೆ ಕೂರಲು ಶಿಫ್ಟಿನವರು ಹಿಂಜರಿದರು. ಅದರ ಮಾತು ಯಾರಿಗೂ ಅರ್ಥವಾಗುತ್ತಿರಲಿಲ್ಲ. ಅವನು ಒಂದೊಂದಕ್ಕೂ ನಮ್ಮ ಮಾತಿನ ಹೆಸರಿಟ್ಟ. ನಡುಕವನ್ನು ಬಿಡಿಸಿ ಯಾವುದು ಶಾಫ್ಟಿನ ಪ್ರತಿ ಸುತ್ತಿನಲ್ಲಿ ಒಂದು ಬಾರಿಯದು, ಯಾವುದು ಎರಡು ಬಾರಿಯದು ಎಂದು ಉದ್ದ ಗಿಡ್ಡ ಗೂಟಗಳಾಗಿ ತೋರಿಸುವ ಚಿತ್ರಕ್ಕೆ ಜರಡಿ. ಗೊತ್ತೇ ಆಗದ ಹಾಗೆ ತಿಂಗಳುಗಟ್ಟಲೆ ಏರುವ ನಡುಕಕ್ಕೆ ಇರುವೆ ನಡಿಗೆ. ಯಂತ್ರವನ್ನು ಬಿಚ್ಚಿ ಜೋಡಿಸಿ ಓಡಿಸಿದಾಗ ತೆಗೆದುಕೊಂಡು, ಮುಂದಿನ ಪ್ರತಿ ಅಳತೆಯನ್ನೂ ಹೋಲಿಸಿ ನೋಡುವ ಮೊದಲ ಅಳತೆಗೆ ಹುಟ್ಟುಗುಣ.

ಹುಟ್ಟುಗುಣ ಸುಟ್ಟರೂ ಹೋಗದು ಎಂಬ ಗಾದೆ ಎಲ್ಲರ ಬಾಯಲ್ಲೂ ಇದ್ದದ್ದರಿಂದ ಆ ಹೆಸರು ಬೆಂಕಿಯ ಹಾಗೆ ಹಬ್ಬಿತು. ಕ್ಯಾಂಟೀನಿನಲ್ಲಿ, ಗೇಟಿನಲ್ಲಿ, ಎಲ್ಲೆಲ್ಲೂ ಅದೇ. ತಡವಾಗಿ ಬರುವ ಗುಮಾಸ್ತನೊಬ್ಬ, "ಇದು ನನ್ನ ಹುಟ್ಟುಗುಣ ಸಾರ್, ಹಸಿರು ತೋರ್ಸಿ" ಎಂದು ಹಾಜರಿ ಹಾಕಿಸಿಕೊಳ್ಳುತ್ತಿದ್ದ. ಮೂರನೇ ಯೂನಿಟ್ಟಿನ ಪಕ್ಕ ನಿಂತರೆ ಪಾದಕ್ಕೆ ಎರಡನೆಯದಕ್ಕಿಂತ ಒಂದು ಕೂದಲೆಳೆ ಜಾಸ್ತಿ ನಡುಕ ತಟ್ಟುತ್ತಿತ್ತು. ಕೇಳಿದರೆ ಎಲ್ಲರದೂ ಒಂದೇ ಉತ್ತರ: ಅದು ಅದರ ಹುಟ್ಟುಗುಣ. ಪರದೆಯಲ್ಲಿ ಹಸಿರು. ನಡುಕಣ್ಣನೂ ಹಾಗೇ ಹೇಳುತ್ತಿದ್ದ.

ಮೆಟ್ಟಿಲು ಹತ್ತುವಾಗ ಅವನಿಗೆ ಉಬ್ಬಸ ಬರುತ್ತಿದ್ದುದು ನನಗೆ ಎಂದಿನಿಂದಲೋ ಗೊತ್ತಿತ್ತು. ಟರ್ಬೈನ್ ಹಾಲಿಗೆ ಹೋಗುವ ಕಬ್ಬಿಣದ ಮೆಟ್ಟಿಲುಗಳ ನಡುವೆ ನಿಂತು ಕಂಬಿ ಹಿಡಿದು, ಕೆಳಗಿನ ಪಂಪುಗಳನ್ನು ನೋಡುವವನಂತೆ ನಟಿಸುತ್ತಿದ್ದ. ಹೆಂಡತಿ ಹಟ ಹಿಡಿದು ಆಸ್ಪತ್ರೆಗೆ ಎಳೆದೊಯ್ದಳು. ಜೊತೆಗೆ ನಾನೂ ಹೋಗಿದ್ದೆ. ಡಾಕ್ಟರ್, ನಡು ವಯಸ್ಸಿನ ಶಾಂತ ಹೆಂಗಸು, ಎದೆಯ ಚಿತ್ರ ನೋಡಿ ಹೃದಯದ ವಾಲ್ವಿನಲ್ಲಿ ತೊಂದರೆ ಎಂದರು. "ಕಂಟ್ರೋಲ್ ವಾಲ್ವಾ, ಸ್ಟಾಪ್ ವಾಲ್ವಾ?" ಎಂದು ಇವನು ಟರ್ಬೈನಿನ ವಾಲ್ವುಗಳ ಹೆಸರು ಹಿಡಿದು ಕೇಳಿದ. ಅವರು ನಗಲಿಲ್ಲ. ಈ ಏದುಸಿರು ಯಾವಾಗಿನಿಂದ ಎಂದು ಕೇಳಿದರು.

"ಅದು ನನ್ನ ಹುಟ್ಟುಗುಣ ಡಾಕ್ಟ್ರೇ. ಮೊದಲಿಂದಲೂ ಹೀಗೇ."

"ಮೊದಲು ಅಂದ್ರೆ? ಯಾವಾಗ ಅಳೆದು ನೋಡಿದ್ರಿ?"

ಆಮೇಲೆ ಡಾಕ್ಟರ್ ಹೇಳಿದ್ದನ್ನೆಲ್ಲ ಕೇಳಿದವರು ನಾನು, ಅವನ ಹೆಂಡತಿ ಇಬ್ಬರೇ; ಅವನ ಗಮನ ಬೇರೆಲ್ಲೋ ಹೋಗಿತ್ತು. ಹೃದಯದ ಸ್ನಾಯು ಸೋತುಹೋಗಿದೆ, ಶಸ್ತ್ರಚಿಕಿತ್ಸೆ ತಾಳುವ ಶಕ್ತಿ ಉಳಿದಿಲ್ಲ, ಮಾತ್ರೆಯಲ್ಲಿ ಎಷ್ಟು ದಿನ ತಳ್ಳಬಹುದೋ ಅಷ್ಟೇ. ಮೊದಲೇ ಬಂದಿದ್ದರೆ ಎಂಬ ಮಾತನ್ನು ಅವರು ಅರ್ಧಕ್ಕೇ ಬಿಟ್ಟರು. ಹೊರಗೆ ಬಂದ ಮೇಲೆ ಬೆಂಚಿನಲ್ಲಿ ಹೆಂಡತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಕೂತಳು. ಅವನು ಅವಳ ಪಕ್ಕ ಕೂತ. ಆಮೇಲೆ ನನ್ನ ಕಡೆ ತಿರುಗಿ, ಕಿವಿಯಲ್ಲಿ ಹೇಳುವವನಂತೆ ಕೇಳಿದ: "ಮೂರನೇದನ್ನ ನಾವು ಯಾವಾಗ ಅಳೆದಿದ್ದು?"

ನನಗೆ ಸಿಟ್ಟು ಬಂತು. ಮನುಷ್ಯನಿಗೆ ಆಯುಷ್ಯ ಇಷ್ಟೇ ಎಂದು ಈಗ ತಾನೇ ಹೇಳಿದ್ದಾರೆ, ಇವನಿಗೆ ಟರ್ಬೈನಿನ ಚಿಂತೆ. ಆದರೆ ಸಾವಿನ ಯೋಚನೆಯನ್ನು ಅವನಿಗೆ ಹಿಡಿಯಲಾಗುತ್ತಿದ್ದದ್ದು ಆ ಒಂದು ಹಿಡಿಕೆಯಿಂದ ಮಾತ್ರ ಎಂದು ಆಮೇಲೆ ತಿಳಿಯಿತು.

ಮಾರನೆಯ ದಿನವೇ ಪರದೆಯ ಹಳೆಯ ದಾಖಲೆ ತೆಗೆದು ನೋಡಿದ. ಉಕ್ಕು ಬಿಸಿಯಾದರೆ ಉಬ್ಬುತ್ತದೆ. ಬಿಸಿಯಾದ ಟರ್ಬೈನು ತನ್ನ ಕಾಲುಗಳ ಮೇಲೆ ಕೂದಲಷ್ಟು ಮೇಲೇಳುತ್ತದೆ. ಅದಕ್ಕಾಗಿಯೇ ತಣ್ಣಗಿರುವಾಗ ಶಾಫ್ಟುಗಳನ್ನು ಕೂಡಿಸುವ ಫಿಟ್ಟರುಗಳು ಒಂದನ್ನು ಬೇಕೆಂದೇ ತುಸು ತಗ್ಗಿಸಿ ಕೂಡಿಸುತ್ತಾರೆ. ಕಾದ ಮೇಲೆ ಎರಡೂ ಒಂದು ಗೆರೆಗೆ ಬರುತ್ತವೆ. ಬರುವ ತನಕ ಕಪ್ಲಿಂಗ್ ಪ್ರತಿ ಸುತ್ತಿನಲ್ಲೂ ಎರಡು ಬಾರಿ ತಳ್ಳುತ್ತದೆ, ಜರಡಿಯಲ್ಲಿ ಎರಡನೆಯ ಗೂಟ ಎದ್ದು ಕಾಣುತ್ತದೆ. ಕಾದ ಮೇಲೆ ಆ ಗೂಟ ಕುಸಿಯಬೇಕು. ಆದ್ದರಿಂದ ಹುಟ್ಟುಗುಣದ ಅಳತೆಯನ್ನು ಯಂತ್ರ ಪೂರ್ತಿ ಕಾದ ಮೇಲೆಯೇ ತೆಗೆಯಬೇಕು. ಅವನೇ ಎಲ್ಲರಿಗೂ ಕಲಿಸಿದ ಪಾಠ ಅದು.

ಮೂರನೇ ಯೂನಿಟ್ಟಿನದನ್ನು ಅವನು ಯಂತ್ರ ಬಿಸಿಯಾಗುವ ಮೊದಲೇ ತೆಗೆದಿದ್ದ. ಹೊಸ ವ್ಯವಸ್ಥೆಯನ್ನು ನೋಡಲು ಅತಿಥಿಗಳು ಬಂದಿದ್ದರು. ಮೊದಲ ಅಳತೆ ಇಲ್ಲದಿದ್ದರೆ ಪರದೆ ಬೂದಿ ಬಣ್ಣಕ್ಕೆ ನಿಲ್ಲುತ್ತದೆ. ಸ್ಥಾವರದ ಆಗಿನ ಮುಖ್ಯ ಸಾಹೇಬರಿಗೆ ಹಸಿರು ಬೇಕಿತ್ತು. ನಾಳೆ ಮತ್ತೆ ತೆಗೆದರಾಯಿತು ಎಂದು ನಡುಕಣ್ಣ ಅಳತೆಯ ಗುಂಡಿ ಒತ್ತಿದ್ದ. ಆ ನಾಳೆ ಬರಲೇ ಇಲ್ಲ. ತಣ್ಣಗಿನ ಯಂತ್ರದ ಎರಡನೆಯ ಗೂಟ ಹುಟ್ಟುಗುಣವಾಗಿ ಕೂತುಬಿಟ್ಟಿತು. ಕಾದ ಮೇಲೂ ಅದು ಕುಸಿಯದೆ ಉಳಿದಾಗ ಪರದೆ, ಸರಿಯಾಗೇ ಇದೆ, ಹುಟ್ಟಿದಾಗಲೂ ಹೀಗೇ ಇತ್ತು ಎಂದು ಹಸಿರು ತೋರಿಸುತ್ತಾ ಬಂತು. ಅಂದರೆ ಆ ಕಪ್ಲಿಂಗ್ ವರ್ಷಗಳಿಂದ ವಾರೆಯಾಗಿಯೇ ತಿರುಗುತ್ತಿದೆ, ಬೇರಿಂಗನ್ನು ಸವೆಸುತ್ತಿದೆ. ಯಾವತ್ತೋ ಒಂದು ದಿನ ಅದರ ಬೋಲ್ಟುಗಳು ಸೋತು ಸಿಡಿಯುತ್ತವೆ. ಹಸಿರು ದೀಪ ನಂಬಿ ಫಿಟ್ಟರುಗಳು ಊಟದ ಡಬ್ಬಿ ಬಿಚ್ಚುವುದು ಅದರ ಪಕ್ಕದಲ್ಲೇ.

"ಆ ಹಾಳು ಹೆಸರಿಟ್ಟವನು ನಾನೇ" ಎಂದ ನನ್ನ ಮುಂದೆ. "ಮೊದಲ ಅಳತೆ ಅಂತ ಇಟ್ಟಿದ್ರೆ ಯಾರಾದ್ರೂ ಎರಡನೇ ಸಲ ಅಳೀತಿದ್ರು. ಹುಟ್ಟುಗುಣ ಅಂದ್ಮೇಲೆ ಯಾರು ಕೇಳ್ತಾರೆ?"

ಅಂದಿನಿಂದ ಅವನಿಗೆ ಇದ್ದದ್ದು ಒಂದೇ ಆಸೆ. ತಾನು ಹೋಗುವುದರೊಳಗೆ ಮೂರನೇ ಯೂನಿಟ್ಟನ್ನು ನಿಲ್ಲಿಸಿ, ಸರಿಮಾಡಿಸಿ, ಸುಳ್ಳು ಅಳತೆ ಅಳಿಸಿ ನಿಜದ್ದನ್ನು ಕೂರಿಸಬೇಕು. ತಾನಿಲ್ಲದ ಮೇಲೆ ಆ ಹಸಿರನ್ನು ಅನುಮಾನಿಸಲು ಯಾರಿಗೂ ಕಾರಣವೇ ಇರುವುದಿಲ್ಲ ಎಂಬ ಹೆದರಿಕೆ.

ಈಗಿನ ಸಾಹೇಬರು ಕೆಟ್ಟವರಲ್ಲ. ಬೇಸಿಗೆ ತಲೆಯ ಮೇಲೆ ಬಂದಿತ್ತು, ಆಸ್ಪತ್ರೆಗಳೂ ನೀರಿನ ಪಂಪುಗಳೂ ನಮ್ಮ ವಿದ್ಯುತ್ತನ್ನೇ ನಂಬಿದ್ದವು. ನೀವೇ ತರಿಸಿದ ವ್ಯವಸ್ಥೆ ಎಲ್ಲ ಸರಿ ಅನ್ನುತ್ತಿದೆ, ನೀವು ಸರಿಯಿಲ್ಲ ಅನ್ನುತ್ತೀರಿ, ನಾನು ಯಾರನ್ನು ನಂಬಲಿ ಎಂದು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಅವನು ತಪ್ಪು ತನ್ನದೇ ಎಂದು ಒಪ್ಪಿಕೊಂಡು, ನಿಲ್ಲಿಸುವುದು ಬೇಡ, ಬೇಡಿಕೆ ಕಡಿಮೆ ಇರುವ ಒಂದು ಭಾನುವಾರ ಯೂನಿಟ್ಟಿನ ಮೇಲಿನ ವಿದ್ಯುತ್ತಿನ ಹೊರೆ ಇಳಿಸಿ ಏರಿಸಿ ನೋಡಲು ಬಿಡಿ ಎಂದು ಕೇಳಿದ. ಹೊರೆ ಇಳಿದರೆ ಬಿಸಿಯೂ ಇಳಿಯುತ್ತದೆ; ಎರಡನೆಯ ಗೂಟ ಬಿಸಿಯ ಜೊತೆಗೆ ಏರಿಳಿದರೆ ಕಪ್ಲಿಂಗ್ ವಾರೆಯಿದೆ ಎಂದರ್ಥ. ಅವರು ಅಷ್ಟಕ್ಕೆ ಒಪ್ಪಿದರು.

ಮನೆಯಲ್ಲಿ ಒಪ್ಪಿಸುವುದು ಇದಕ್ಕಿಂತ ಕಷ್ಟವಾಯಿತು. ಆ ಕಪ್ಲಿಂಗನ್ನು ಕೂಡಿಸಿದ್ದು ಅದೇ ಸ್ಥಾವರದಲ್ಲಿ ಫಿಟ್ಟರುಗಳ ಮೇಸ್ತ್ರಿಯಾಗಿದ್ದ ಭಾವಮೈದನ ಗುಂಪು. ಸ್ಥಾವರದಲ್ಲಿ ಕಪ್ಲಿಂಗ್ ಕೂಡಿಸುವುದರಲ್ಲಿ ಎತ್ತಿದ ಕೈ ಅವನದು. ಸುದ್ದಿ ಕಿವಿಗೆ ಬಿದ್ದ ಸಂಜೆ ನೇರ ಅಕ್ಕನ ಮನೆಗೆ ಬಂದ. ನಾನು ಅಲ್ಲೇ ಇದ್ದೆ. ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತ.

"ಭಾವ, ಕಾಯಿಲೆ ನಿಮಗೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕೋದಂದ್ರೆ ಇದೇ."

"ಎಮ್ಮೆಗೂ ಜ್ವರ ಇದೆ ಕಣೋ. ನಾನೇ ತಪ್ಪು ಥರ್ಮಾಮೀಟರ್ ಇಟ್ಟಿದ್ದೆ."

"ತಪ್ಪು ನಿಮ್ದಾದ್ರೆ ಬಿಚ್ಚೋದು ನನ್ನ ಕಪ್ಲಿಂಗ್ ಯಾಕೆ?"

ಮಾತಿಗೆ ಮಾತು ಬೆಳೆಯಿತು. ಯಾರ ಕಣ್ಣು ವಾರೆ, ಯಾರ ಕೈ ವಾರೆ ಎಂಬಲ್ಲಿಗೆ ಬಂತು. ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಹೆಂಡತಿ ಚಕ್ರಕ್ಕೆ ಅಂಗೈ ಕೊಟ್ಟು ನಿಲ್ಲಿಸಿದಳು.

"ಒಬ್ರು ಆ ಕಡೆ ತಳ್ತೀರಿ, ಒಬ್ರು ಈ ಕಡೆ ತಳ್ತೀರಿ. ನಿಮ್ಮಿಬ್ಬರ ಮಧ್ಯೆ ನಾನೇನು ಕಪ್ಲಿಂಗಾ?"

ಮೊದಲು ನಕ್ಕವನು ತಮ್ಮನೇ. ಒಳಗೆ ಬಂದು ಕೂತ. ನಕ್ಕ ಮಾತ್ರಕ್ಕೆ ಸಿಟ್ಟು ಇಳಿದಿರಲಿಲ್ಲ, ನಾಲ್ಕಾರು ದಿನ ಭಾವನ ಜೊತೆ ಮಾತು ಬಿಟ್ಟಿದ್ದ. ಭಾನುವಾರ ಮಾತ್ರ ಕರೆಯದೆಯೇ ಕಂಟ್ರೋಲ್ ರೂಮಿಗೆ ಬಂದು ಹಿಂದೆ ಕೈಕಟ್ಟಿ ನಿಂತ. ಹೊರೆ ಇಳಿಸಿದರು, ಎರಡನೆಯ ಗೂಟ ತಗ್ಗಿತು. ಏರಿಸಿದರು, ಎದ್ದಿತು. ಮತ್ತೊಮ್ಮೆ ಮಾಡಿದರು, ಮತ್ತೆ ಹಾಗೇ ಆಯಿತು. ಭಾವಮೈದ ತಾನಾಗಿ ಮುಂದೆ ಬಂದು, ತಣ್ಣಗಿರುವಾಗ ಎಷ್ಟು ತಗ್ಗಿಸಬೇಕು ಎಂಬುದನ್ನು ಎರಡನೇ ಯೂನಿಟ್ಟಿನಿಂದ ಎತ್ತಿಕೊಂಡಿದ್ದೆವು, ಎರಡೂ ಅವಳಿಜವಳಿ ಅಂದುಕೊಂಡಿದ್ದೆವು, ಮೂರನೆಯದರ ಕಾಲು ಬೇರೆ, ಅದು ಹೆಚ್ಚು ಏಳುತ್ತಿರಬೇಕು, ಪೂರ್ತಿ ಕಾದಾಗ ಗೆರೆ ದಾಟಿ ಮೇಲೆ ಹೋಗುತ್ತಿರಬೇಕು ಎಂದ. ನಡುಕಣ್ಣ ಅವನ ಹೆಗಲ ಮೇಲೆ ಕೈ ಹಾಕಿದ. ಗೆದ್ದವನ ಕೈಯಾಗಿರಲಿಲ್ಲ ಅದು. ನಿಲ್ಲಲು ಅವನಿಗೆ ಆಸರೆ ಬೇಕಿತ್ತು.

ಸಾಹೇಬರು ಬೇಸಿಗೆ ಕಳೆಯುವ ತನಕ ಕಾಯಲಿಲ್ಲ. ಬೇರೆ ಸ್ಥಾವರಗಳವರ ಜೊತೆ ಮಾತಾಡಿ ವಿದ್ಯುತ್ತಿಗೆ ಏರ್ಪಾಡು ಮಾಡಿಕೊಂಡು ಮೂರನೆಯದನ್ನು ನಿಲ್ಲಿಸಿದರು. ಬೇರಿಂಗ್ ಬಿಚ್ಚಿದಾಗ ಒಂದು ಅಂಚಿನಲ್ಲಿ ಲೋಹ ಕನ್ನಡಿಯ ಹಾಗೆ ಹೊಳೆಯುವಷ್ಟು ಸವೆದಿತ್ತು. ಭಾವಮೈದ ಅದರ ಫೋಟೋ ತೆಗೆದುಕೊಂಡು ಬಂದು ಹಾಸಿಗೆಯ ಬಳಿ ಕೂತು ತೋರಿಸಿದ. ಆ ಹೊತ್ತಿಗೆ ನಡುಕಣ್ಣನಿಗೆ ಹಾಸಿಗೆಯಿಂದ ಬಚ್ಚಲಿಗೆ ಹೋಗಿ ಬರುವುದೇ ಒಂದು ಪ್ರಯಾಣ. ಕಾಲುಗಳು ಊದಿಕೊಂಡಿದ್ದವು. ರಜೆ ಹಾಕಿ ಬಂದಿದ್ದ ಮಗಳು ದಿಂಬಿನ ಮೇಲೆ ದಿಂಬಿಟ್ಟು ಕೂರಿಸುತ್ತಿದ್ದಳು. ಅವನು ಫೋಟೋವನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿ, ಹೆಂಡತಿಯನ್ನು ಕರೆದು ತೋರಿಸಿದ. ಅವಳು ನೋಡಿ, "ಒಳ್ಳೆ ಪಾಲಿಶ್" ಎಂದಳು. ಅಡಿಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ನೀರು ಬಿಟ್ಟುಕೊಂಡು ಅತ್ತಳು. ನೀರಿನ ಸದ್ದು ಯಾಕೆ ನಿಲ್ಲುತ್ತಿಲ್ಲ ಎಂದು ಅವನು ಕೇಳಲಿಲ್ಲ.

ಯೂನಿಟ್ಟನ್ನು ಮತ್ತೆ ಓಡಿಸುವ ದಿನ, ಅದೇ ಹೋದ ಬುಧವಾರ, ಹೋಗಲೇಬೇಕೆಂದ. ಡಾಕ್ಟರ್ ಬೇಡವೆಂದರು. ಮಗಳೂ ಬೇಡವೆಂದಳು. ಹೆಂಡತಿ ಮಾತ್ರ ಇಸ್ತ್ರಿ ಮಾಡಿದ ಅಂಗಿ ತಂದಿಟ್ಟು, ಊದಿದ ಕಾಲಿಗೆ ಹಿಡಿಸುವಂತೆ ಪ್ಯಾಂಟಿನ ಕೆಳಹೊಲಿಗೆಯನ್ನು ಬಿಚ್ಚಿಕೊಟ್ಟಳು. ಭಾವಮೈದ ಕಾರು ತಂದ. ಲಿಫ್ಟಿನಿಂದ ಕಂಟ್ರೋಲ್ ರೂಮಿನ ತನಕ ನಾವಿಬ್ಬರೂ ಆಚೆ ಈಚೆ ಹಿಡಿದುಕೊಂಡೆವು.

ಪರದೆಯ ಮುಂದೆ ಶಿಫ್ಟಿನ ಆಪರೇಟರ್ ಇದ್ದಳು. ಆ ವ್ಯವಸ್ಥೆಯನ್ನು ಅವನಿಂದ ಕಲಿತವರಲ್ಲಿ ಅವಳೂ ಒಬ್ಬಳು, ಈಗ ಅವಳೇ ಬೇರೆಯವರಿಗೆ ಕಲಿಸುವಷ್ಟು ಅನುಭವಸ್ಥೆ. ಎದ್ದು ಕುರ್ಚಿ ಕೊಟ್ಟಳು. ಅವನು ಕೂತು ತನ್ನ ಹೆಸರಿನಲ್ಲಿ ಲಾಗಿನ್ ಆದ. ಮೂರನೇ ಯೂನಿಟ್ಟಿನ ಜಾಗ ಬೂದಿ ಬಣ್ಣದಲ್ಲಿತ್ತು. ಹಳೆಯ ಅಳತೆಯನ್ನು ಅಳಿಸಿಯಾಗಿತ್ತು. ಟರ್ಬೈನು ಪೂರ್ತಿ ವೇಗಕ್ಕೆ ಬಂದು ವಿದ್ಯುತ್ ಕೊಡಲು ತೊಡಗಿತ್ತು. ಜರಡಿಯಲ್ಲಿ ಎರಡನೆಯ ಗೂಟ ನಮ್ಮ ಕಣ್ಣೆದುರಿಗೇ ಕುಸಿಯುತ್ತಿತ್ತು. ಭಾವಮೈದ ಬಾಗಿ ಬಾಗಿ ನೋಡುತ್ತಿದ್ದ. ಸಾಹೇಬರು ಬಂದು ಕುರ್ಚಿಯ ಹಿಂದೆ ನಿಂತರು.

"ನಿಮ್ಮ ಕೈಯಿಂದಲೇ ಆಗ್ಲಿ. ತೆಗೆದುಬಿಡಿ" ಎಂದರು. ಅವನನ್ನು ಮತ್ತೆ ಅಲ್ಲಿ ನೋಡುವುದಿಲ್ಲ ಎಂಬುದು ಆ ಕೋಣೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅವನಿಗೂ ಗೊತ್ತಿತ್ತು.

ಮೌಸ್ ಹಿಡಿದು ಬಾಣವನ್ನು ಅಳತೆ ತೆಗೆಯುವ ಗುಂಡಿಯ ಮೇಲೆ ತಂದು ನಿಲ್ಲಿಸಿದ. ಹಾಗೇ ಕೂತ. ಆಮೇಲೆ ಆಪರೇಟರನ್ನು ಕೇಳಿದ, "ಬೇರಿಂಗ್ ಎಣ್ಣೆ ಹೇಗಿದೆ?"

"ಬಿಸಿ ಇನ್ನೂ ಏರ್ತಾ ಇದೆ ಅಣ್ಣಾ."

"ಹಾಗಾದ್ರೆ ಇದು ಇನ್ನೂ ಕಾದಿಲ್ಲ."

"ಗೂಟ ಈಗ್ಲೇ ಎಷ್ಟು ಗಿಡ್ಡ ಆಗಿದೆ ನೋಡಿ. ಸಾಕಲ್ವಾ?"

"ನನಗೆ ಸಾಕು. ಅದಕ್ಕೆ ಸಾಲದು" ಎಂದ. "ನಾಳೆ ಬೆಳಿಗ್ಗೆ ಹೊತ್ತಿಗೆ ಏರೋದು ನಿಂತಿರುತ್ತೆ. ನಿಂತಿದೆ ಅಂತ ನೋಡ್ಕೊಂಡು ನೀನು ತೆಗಿ."

ಯಾರೂ ಒತ್ತಾಯ ಮಾಡಲಿಲ್ಲ. ಬಾಣವನ್ನು ಗುಂಡಿಯಿಂದ ಸರಿಸಿ ಪರದೆಯ ಮೂಲೆಗೆ ಒಯ್ದು ಲಾಗೌಟ್ ಆದ. ಮೇಜಿಗೆ ಅಂಗೈ ಊರಿ ಎದ್ದು, ಕುರ್ಚಿಯನ್ನು ಅವಳ ಕಡೆಗೆ ತಳ್ಳಿದ.